ಅಳಬಾರದ ಕಣ್ಣು

ಕಣ್ಣಿನ ಮೇಲೆಯೇ ಗಂಟು ಬೆಳೆದವರು ಹೆಚ್ಚು ಜನ ಇರಲಿಕ್ಕಿಲ್ಲ. ಇದ್ದವರೂ ಮನೆಯೊಳಗೇ ಉಳಿಯುತ್ತಾರೆ, ಇಲ್ಲವೇ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡುತ್ತಾರೆ. ಅಂಥವರಿಗೆ, ಅವರಿಗಿಂತ ಹೆಚ್ಚಾಗಿ ಅವರ ಮನೆಯವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಹೆಚ್ಚು ಕಲಿತವನಲ್ಲ. ಖಾನಾಪುರದ ಸುತ್ತಲಿನ ಸಂತೆಗಳಲ್ಲಿ ಎತ್ತಿನ ದಲಾಲಿ ಮಾಡಿ, ಯಾರ ಹಂಗಿಲ್ಲದೆ ಮೇಲೆ ಬಂದವನು. ರೋಗದ ಹೆಸರನ್ನು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದರು, ನನ್ನ ನಾಲಿಗೆಗೆ ಅದು ಹತ್ತಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಯಾರನ್ನು ಏನು ಕೇಳಬೇಕು, ಯಾವುದರಲ್ಲಿ ಚೌಕಾಶಿ ಮಾಡಬಾರದು ಎಂಬುದು ಚೆನ್ನಾಗಿ ಗೊತ್ತಿದೆ. ಅಷ್ಟನ್ನು ಹೇಳುತ್ತೇನೆ.

ಗಂಟು ಹುಟ್ಟಿನಿಂದ ಬಂದದ್ದು. ಎಡಗಣ್ಣಿನಲ್ಲಿ, ಬಿಳಿಯೂ ಕಪ್ಪೂ ಕೂಡುವ ಅಂಚಿನಲ್ಲಿ, ಜೋಳದ ಕಾಳಿನಷ್ಟು ದೊಡ್ಡದು. ಬಣ್ಣವೂ ಜೋಳದ ಕಾಳಿನದೇ. ಅದರ ಮೇಲೆ ಕೂದಲು ಬರುತ್ತಿತ್ತು. ನಂಬುವುದು ಕಷ್ಟ, ಆದರೆ ಮೈಮೇಲಿನ ಚರ್ಮದಂಥದೇ ಚರ್ಮ ಕಣ್ಣಿನ ಮೇಲೆ ಕೂತಿತ್ತು, ಚರ್ಮಕ್ಕೆ ಬರುವ ಕೂದಲೂ ಬಂದಿತ್ತು. ಎಳೆಯ ಕೂದಲು ಸುಮ್ಮನಿರುತ್ತಿತ್ತು. ಸ್ವಲ್ಪ ಬೆಳೆದರೆ ರೆಪ್ಪೆ ಬಡಿದಾಗಲೆಲ್ಲ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಆಗ ಅಕ್ಕ ಅದನ್ನು ಕಿತ್ತು ಹಾಕುತ್ತಿದ್ದಳು.

ಅಕ್ಕ ಎಂದರೆ ನಿಂಗವ್ವ. ಬಹಳ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಮುಂದೆ ನಮ್ಮ ತಂದೆ ತಾಯಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ, ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮೊಸರು ಮಾರಿ ನನ್ನನ್ನು ಬೆಳೆಸಿದಳು. ಕೂದಲು ಕೀಳುವ ದಿನ ನನ್ನನ್ನು ಅಂಗಳದ ಬಿಸಿಲಿಗೆ ಕೂಡಿಸಿ, ತಲೆಯನ್ನು ತನ್ನ ಮೊಳಕಾಲಿಗೆ ಒತ್ತಿ ಹಿಡಿದು, ಮುಳ್ಳು ತೆಗೆಯುವ ಚಿಮಟದಿಂದ ಒಂದೇ ಸಲಕ್ಕೆ ಎಳೆಯುತ್ತಿದ್ದಳು. ಕೈ ನಡುಗುತ್ತಿರಲಿಲ್ಲ. ಬಾಯಿ ಮಾತ್ರ ನಡೆದೇ ಇರುತ್ತಿತ್ತು.

"ಅಲ್ಲಾಡಬ್ಯಾಡ ತಮ್ಮಾ. ಕಣ್ಣಾಗ ಗಡ್ಡಾ ಬಿಟ್ಟೀ, ಮಾರಿಗೆ ಇನ್ನೂ ಬಂದಿಲ್ಲ."

ನನಗೆ ಮೀಸೆ ಬಂತು, ಮದುವೆಯಾಯಿತು, ಮಗಳು ಹುಟ್ಟಿದಳು. ಆ ಬಿಸಿಲು, ಆ ಮೊಳಕಾಲು, ಆ ಚಿಮಟ ತಪ್ಪಲಿಲ್ಲ. ಹೆಂಡತಿ ಶಾಂತಾ ತಾನು ಕೀಳುತ್ತೇನೆಂದು ಒಮ್ಮೆ ಮುಂದೆ ಬಂದಳು, ಹತ್ತಿರದಿಂದ ನೋಡಿ ಕೈಬಿಟ್ಟಳು. "ನನ್ನ ಕಡೆ ಆಗೂದಿಲ್ಲ ಅಕ್ಕಾ, ಜೀವ ಝಲ್ ಅಂತೈತಿ," ಎಂದಳು. ಅಕ್ಕನಿಗೆ ಅದು ಒಳಗೊಳಗೇ ಖುಷಿಯಾಗಿತ್ತು ಎಂದು ನನ್ನ ಲೆಕ್ಕ.

ಕೆಲಸಕ್ಕೆ ಗಂಟು ಅಡ್ಡ ಬರಲಿಲ್ಲ, ನಿಜ ಹೇಳಬೇಕೆಂದರೆ ನೆರವಿಗೇ ಬಂತು. ಎತ್ತಿನ ವ್ಯಾಪಾರದಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೊಡುವವರು, ಕೊಳ್ಳುವವರು ದಲಾಲಿಯ ಜೊತೆ ಕೈ ಕೂಡಿಸಿ ಮೇಲೊಂದು ಟವೆಲ್ ಹಾಕಿಕೊಳ್ಳುತ್ತಾರೆ. ಅದರ ಕೆಳಗೆ ಬೆರಳು ಹಿಡಿದು ಕೇಳುವುದು, ಒಲ್ಲದಿದ್ದರೆ ಆ ಬೆರಳನ್ನು ಮಡಿಸುವುದು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಆ ಹೊತ್ತಿನಲ್ಲಿ ದಲಾಲಿಯಾದವನು ಎದುರಿನವನ ಮುಖ ನೋಡುತ್ತಾನೆ, ಮುಖದಲ್ಲಿ ಒಪ್ಪಿಗೆ ಕಾಣುತ್ತದೆ. ನನ್ನ ಮುಖ ನೋಡಿದವನು ಮಾತ್ರ ಗಂಟನ್ನೇ ನೋಡುತ್ತ ನಿಲ್ಲುತ್ತಿದ್ದ. ನನ್ನ ಮನಸ್ಸಿನಲ್ಲೇನಿದೆ ಎಂದು ಯಾರೂ ಓದಲಿಲ್ಲ.

ಆದರೆ ಮೂವತ್ತು ದಾಟುತ್ತಿದ್ದಂತೆ ಗಂಟು ದೊಡ್ಡದಾಗತೊಡಗಿತು. ಕಪ್ಪಿನ ಮೇಲೆ ಸರಿದು ಬಂತು. ಎಡಗಣ್ಣಿಗೆ ಎಲ್ಲವೂ ಎಣ್ಣೆ ಹಚ್ಚಿದ ಕಾಗದದ ಆಚೆ ಇದ್ದ ಹಾಗೆ ಕಾಣುತ್ತಿತ್ತು. ಅದೇ ಹೊತ್ತಿಗೆ ಅಕ್ಕನ ದೃಷ್ಟಿಯೂ ಮಂಜಾಯಿತು. ಒಂದು ದಿನ ಅವಳ ಚಿಮಟ ಕೂದಲು ಬಿಟ್ಟು ಗಂಟನ್ನೇ ಕಚ್ಚಿ ರಕ್ತ ಬಂತು. ಚಿಮಟವನ್ನು ಅಂಗಳದಲ್ಲೇ ಬಿಟ್ಟು ಒಳಗೆ ಹೋದಳು. ಹೊರಗೆ ಬಂದಾಗ ಸೀರೆ ಬದಲಿಸಿದ್ದಳು, ಕೈಯಲ್ಲಿ ಚೀಲ.

"ಬೆಳಗಾವಿಗೆ ಹೋಗೂಣು ನಡಿ," ಎಂದಳು.

"ಯಾಕ?"

"ನಾ ಸತ್ತ ಮ್ಯಾಲ ನಿನ್ನ ಕೂದ್ಲಾ ಯಾರ ಕೀಳ್ತಾರ? ನಿನ್ನ ಹೇಣ್ತಿಗಂತೂ ಜೀವ ಝಲ್ ಅಂತೈತಿ."

ಹೀಗೆ ನಾವು ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕಣ್ಣಿನ ವಿಭಾಗದ ಮುಂದೆ ಉದ್ದನೆಯ ಬೆಂಚು, ಅದರ ತುಂಬ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡ ಮುದುಕರು. ಹೊಸದಾಗಿ ಹೋಗುವವರಿಗೆ ಒಂದು ಮಾತು. ಬೆಂಚಿನ ಮೇಲೆ ಕೂತವರೆಲ್ಲ ಡಾಕ್ಟರೇ. ಒಬ್ಬ ತನ್ನ ಮಾವನ ಕಣ್ಣು ಹೇಗೆ ಹೋಯಿತೆಂದು ಹೇಳುತ್ತಾನೆ, ಇನ್ನೊಬ್ಬ ಗೋಕಾಕದ ಕಡೆಯ ಯಾವುದೋ ಎಲೆಯ ರಸ ಬಿಡು ಎನ್ನುತ್ತಾನೆ. ಕಿವಿ ಕೊಡಬೇಡಿ. ಒಬ್ಬಳು ನನ್ನ ಗಂಟು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೆಲ್ಲಗೆ ಮರಾಠಿಯಲ್ಲಿ ಅದು ಕ್ಯಾನ್ಸರೇ ಇರಬೇಕು ಎಂದಳು. ನಮಗೆ ಮರಾಠಿ ಬರುವುದಿಲ್ಲ ಎಂದುಕೊಂಡಿದ್ದಳು. ಖಾನಾಪುರದವರಿಗೆ ಬರದೇ ಇರುತ್ತದೆಯೇ? ಅಕ್ಕ ನನ್ನ ಮೊಳಕೈ ಹಿಡಿದುಕೊಂಡಳು. ಒಳಗೆ ಕರೆಯುವವರೆಗೆ ಬಿಡಲಿಲ್ಲ.

ಡಾಕ್ಟರು ನನ್ನದೇ ವಯಸ್ಸಿನವರು. ನನ್ನ ಬಲಗಣ್ಣು ಮುಚ್ಚಿ, ಎಡಗಣ್ಣಿನ ಮುಂದೆ ಅಂಗೈ ಆಡಿಸಿದರು. ಸಂತೆಯಲ್ಲಿ ಎತ್ತಿನ ಕಣ್ಣಿನ ಮುಂದೆ ನಾನು ಆಡಿಸುವುದೂ ಹಾಗೆಯೇ. ನನಗೆ ನಗು ಬಂತು, ಹಿಂದೆಯೇ ಹೆದರಿಕೆಯಾಯಿತು. ಮಾರಾಟಕ್ಕೆ ನಿಂತ ಎತ್ತಿಗೆ ಏನನ್ನಿಸುತ್ತದೆ ಎಂದು ಅಂದೇ ತಿಳಿದದ್ದು.

"ಇದು ಕೆಟ್ಟ ಗಂಟಲ್ಲ ಅಂತ ನನಗ ಅನ್ನಸ್ತದ," ಎಂದರು ಡಾಕ್ಟರು. "ತಗದ ಮ್ಯಾಲ ಪರೀಕ್ಷಾಕ್ಕ ಕಳಸ್ತೇವಿ, ಆಗ ಖಾತ್ರಿ ಆಗ್ತದ. ಇಂಥಾದ್ದು ಭಾಳ ಅಪರೂಪ ನೋಡ್ರಿ. ಕಪ್ಪಿನ ಮ್ಯಾಲ ಆಳಕ್ಕ ಇಳದದ. ಅಲ್ಲಿ ಕೆತ್ತಿ ತಗಿಯೂ ಮುಂದ ಹುಶಾರಿಂದ ಇರಬೇಕಾಗ್ತದ."

ನಾನು ವ್ಯಾಪಾರಕ್ಕೆ ಇಳಿದೆ. "ಹಂಗಾರ ಬಿಳಿ ಮ್ಯಾಲಿಂದಷ್ಟ ತಗೀರಿ ಸಾಹೇಬ್ರ. ಕಪ್ಪಿನ ಮ್ಯಾಲಿಂದ ಇರ್ಲಿ ಬಿಡ್ರಿ. ನಿಮಗೂ ತ್ರಾಸಿಲ್ಲ, ನನಗೂ ಧಕ್ಕಿಲ್ಲ."

"ಅರ್ಧಾ ತಗದ್ರ ಉಪಯೋಗಿಲ್ಲ."

"ಮುಕ್ಕಾಲ ತಗೀರಿ."

"ನೋಡ್ರಿ, ಇದು ಸಂತಿ ಅಲ್ಲ."

ನಾನು ಎದ್ದು ನಮಸ್ಕಾರ ಹೇಳಿ ಬಾಗಿಲ ಕಡೆ ನಡೆದೆ. ನಮ್ಮ ಕಸುಬಿನಲ್ಲಿ ಹೀಗೆ ಎದ್ದು ನಡೆದವನನ್ನು ಎದುರಿನವನು ಹಿಂದಕ್ಕೆ ಕರೆಯುತ್ತಾನೆ. ಬಾಗಿಲು ದಾಟಿದೆ. ಕರೆ ಬರಲಿಲ್ಲ. ಬೆಂಚಿನ ಹತ್ತಿರ ನಿಂತು ಶರ್ಟಿನ ಗುಂಡಿ ಸರಿಮಾಡಿಕೊಂಡೆ, ಆಗಲೂ ಬರಲಿಲ್ಲ. ಒಳಗೆ ಅವರು ಮುಂದಿನವರನ್ನು ಕರೆದೇಬಿಟ್ಟರು. ಅಕ್ಕ ಹೊರಗೆ ಬಂದು ನನ್ನ ಕೈಹಿಡಿದು ಎಳೆದಳು.

"ಅಂವೇನ ನಿನ್ನ ಕಣ್ಣ ಕೊಳ್ಳಾಕ ಕುಂತಿಲ್ಲ, ಹುಚ್ಚಪ್ಯಾಲಿ. ಒಳಗ ನಡಿ, ಪೂರಾ ತಗೀರಿ ಅನ್ನು."

ಒಳಗೆ ಹೋಗಿ ಹಾಗೆಯೇ ಅಂದೆ. ಆದ್ದರಿಂದ ಹೇಳುತ್ತೇನೆ, ಖರ್ಚಿನ ಬಗ್ಗೆ ಕೇಳಿ, ಮಂಚದ ಬಗ್ಗೆ ಕೇಳಿ, ಯಾವಾಗ ಮನೆಗೆ ಕಳಿಸುತ್ತೀರಿ ಎಂದು ಕೇಳಿ. ಎಷ್ಟು ಕತ್ತರಿಸಬೇಕು ಎಂಬುದರಲ್ಲಿ ಮಾತ್ರ ಚೌಕಾಶಿ ಬೇಡ.

ಆಪರೇಷನ್ನು ನಾನು ಎಚ್ಚರವಿದ್ದಾಗಲೇ ಆಯಿತು. ಕಣ್ಣಿನ ಪಕ್ಕ ಸೂಜಿ ಚುಚ್ಚಿದರು. ಅದೊಂದು ನೋವು, ಮುಂದೆ ಎಲ್ಲ ಮರಗಟ್ಟಿತು. ನೋವಿಲ್ಲದಿದ್ದರೂ ಕೆತ್ತುವುದು ತಿಳಿಯುತ್ತಿತ್ತು, ಬೇರೆ ಯಾರದೋ ಮನೆಯ ಗೋಡೆ ಕೆರೆಯುತ್ತಿದ್ದಾರೆ ಎನ್ನುವ ಹಾಗೆ. ಸಿಸ್ಟರ್ ಒಬ್ಬರು ಉದ್ದಕ್ಕೂ ನನ್ನ ಕೈಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಅವರ ಮುಖ ನಾನು ನೋಡಲೇ ಇಲ್ಲ. ಇಂಥ ಉಪಕಾರ ಯಾರು ಮಾಡಿದರೆಂದು ತಿಳಿಯುವುದೂ ಇಲ್ಲ, ತೀರಿಸುವುದೂ ಆಗುವುದಿಲ್ಲ.

ಹೊಲಿಗೆ ಹಾಕಿ ಎರಡೂ ಕಣ್ಣು ಕಟ್ಟಿದರು. ಒಳ್ಳೆಯ ಕಣ್ಣು ಆಡಿದರೆ ಜೊತೆಗೆ ಕೊಯ್ದ ಕಣ್ಣೂ ಆಡುತ್ತದೆಯಂತೆ. ತಲೆಯ ಆಚೆ ಈಚೆ ಮರಳಿನ ಚೀಲ ಇಟ್ಟರು. ಡಾಕ್ಟರು ಕಿವಿಯ ಹತ್ತಿರ ಬಂದು ಹೇಳಿದರು.

"ಗಂಟು ಪೂರಾ ಬಂತು. ಆದ್ರ ಆ ಜಾಗಾ ಈಗ ಉಳ್ಳಾಗಡ್ಡಿ ಪದರಿನಷ್ಟು ತೆಳ್ಳಗ ಆಗೇದ. ಕೆಮ್ಮಬಾರದು, ತಲಿ ಹೊಳ್ಳಸಬಾರದು, ಭಾಳ ಮಾತಾಡಬಾರದು, ಅಗಿದು ತಿನ್ನೂದು ಬ್ಯಾಡ. ಮುಖ್ಯ ಅಂದ್ರ, ಅಳಬಾರದು. ಬಿಕ್ಕಿ ಅತ್ರ ಹೊಲಿಗಿ ಬಿಚ್ಚತದ, ಕಣ್ಣ ಹೋಗ್ತದ."

"ಅಂವಾ ಯಾಕ ಅಳ್ತಾನ್ರಿ," ಎಂದಳು ಅಕ್ಕ. "ಅಂವನ ವ್ಯಾಪಾರದಾಗ ಬ್ಯಾರೇದವ್ರ ಅಳ್ತಾರ."

ಎರಡೂ ಕಣ್ಣು ಕಟ್ಟಿ ಮಲಗಿದವನಿಗೆ ವಾರ್ಡು ಬರೀ ಸಪ್ಪಳ. ಟ್ರಾಲಿಯ ಗಾಲಿ, ಸ್ಟೀಲಿನ ಲೋಟ, ಚಪ್ಪಲಿ. ಬಲಗಡೆಯ ಮಂಚದಲ್ಲಿ ಕಾಕತಿಯ ಅಜ್ಜನೊಬ್ಬನಿದ್ದ, ಪೊರೆ ತೆಗೆಸಿಕೊಂಡವನು. ಅವನ ಒಂದು ಕಣ್ಣಿನ ಕಟ್ಟು ಬಿಚ್ಚಿದ್ದರು. ಅದರಿಂದಲೇ ಇಡೀ ವಾರ್ಡಿನ ಕಾರುಬಾರು ನೋಡಿ ನನಗೆ ವರದಿ ಒಪ್ಪಿಸುತ್ತಿದ್ದ.

ಮಾತು ಕಡಿಮೆ ಮಾಡಬೇಕಿತ್ತಲ್ಲ, ಅಕ್ಕನಿಗೆ ಸಂತೆಯ ಭಾಷೆ ಕಲಿಸಿದೆ. ಹೊದಿಕೆಯ ಕೆಳಗೆ ಅವಳ ಕೈ. ತೋರುಬೆರಳು ಹಿಡಿದರೆ ನೀರು, ಎರಡು ಬೆರಳು ಹಿಡಿದರೆ ಉಚ್ಚೆಯ ಪಾಟು, ಹೆಬ್ಬೆರಳು ಹಿಡಿದರೆ ನೋವು. ಅಕ್ಕ ಕಲಿತಳು, ಕಲಿತ ಕೂಡಲೇ ನನ್ನ ಮೇಲೆಯೇ ವ್ಯಾಪಾರ ಶುರುಮಾಡಿದಳು. ನಾನು ನೀರಿನ ಬೆರಳು ಹಿಡಿದರೆ ಅದನ್ನು ಮಡಿಸಿಬಿಡುತ್ತಿದ್ದಳು.

"ಈಗರ ಕುಡದೀ. ಆಮ್ಯಾಲ ಪಾಟು ಅಂತಿ, ಅದನ್ನ ಎತ್ತಾಕಿ ನಾನು."

ನಾನು ಮತ್ತೆ ಹಿಡಿಯುತ್ತಿದ್ದೆ, ಅವಳು ಮತ್ತೆ ಮಡಿಸುತ್ತಿದ್ದಳು. ಕೊನೆಗೆ ಅರ್ಧ ಲೋಟಕ್ಕೆ ಇತ್ಯರ್ಥವಾಗುತ್ತಿತ್ತು. ಅಜ್ಜ ಪಕ್ಕದಲ್ಲಿ ನಗುತ್ತಿದ್ದ. "ಏನ ದಲಾಲಿ, ನಿನ್ನಕಿಂತ ನಿಮ್ಮಕ್ಕ ಜೋರದಾಳಲೋ."

ಆ ಕತ್ತಲಲ್ಲಿ ನಾನು ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪರೀಕ್ಷೆಯ ಉತ್ತರ ಬಂದಿರಲಿಲ್ಲ. ಬೆಂಚಿನ ಮೇಲಿನ ಆ ಹೆಂಗಸಿನ ಮಾತು ಕಿವಿಯಲ್ಲಿ ಕೂತಿತ್ತು. ಕಣ್ಣು ಹೋದ ದಲಾಲಿಗೆ ಸಂತೆಯಲ್ಲಿ ಯಾರು ಕೈ ಕೊಡುತ್ತಾರೆ? ಆದರೆ ಹೊದಿಕೆಯ ಕೆಳಗೆ ಕೈ ಚಾಚಿದರೆ ಅಲ್ಲೊಂದು ಕೈ ಇರುತ್ತಿತ್ತು, ಅದು ಮೊದಲು ಒಲ್ಲೆ ಎನ್ನುತ್ತಿತ್ತು. ಅದೇ ಧೈರ್ಯ.

ಒಂದು ಬೆಳಿಗ್ಗೆ ಅಕ್ಕ, "ಎಮ್ಮಿ ಶಾಂತಾನ ಕೈಯಾಗ ಹಾಲು ಬಿಡಾಕತ್ತಿಲ್ಲಂತ, ಸುದ್ದಿ ಬಂದೈತಿ. ಒಂದಿನ ಹೋಗಿ ಬರ್ತೇನಿ. ನಾಳೆ ಮುಂಜಾನಿ ಗಾಡಿಗೆ ಬಂದೆ ತಿಳಿ. ಅಜ್ಜಾರ, ಇಂವನ ಮ್ಯಾಲ ಲಕ್ಷ್ಯ ಇರ್ಲಿ," ಎಂದಳು. ನನ್ನ ಹಣೆಯ ಮೇಲೆ, ಕಟ್ಟಿನ ಮೇಲ್ಗಡೆ, ಕೈಯಾಡಿಸಿ ಹೋದಳು.

ಮರುದಿನ ಮುಂಜಾನೆ ಬರಲಿಲ್ಲ. ಗಾಡಿ ತಪ್ಪಿರಬೇಕು ಎಂದುಕೊಂಡೆ. ಅದರ ಮರುದಿನ ಬಾಗಿಲ ಕಡೆಯಿಂದ ಶಾಂತಾಳ ದನಿ ಕೇಳಿತು.

"ನಾನೂ ಅಕ್ಕಾನೂ ಕೂಡೇ ಬಂದೇವ್ರಿ. ಅಕ್ಕಾಗ ಥಂಡಿ ಹತ್ತಿ ಗಂಟ್ಲಾ ಪೂರಾ ಕೂತೈತಿ, ಮಾತ ಹೊಂಡಾಕತ್ತಿಲ್ಲ. ಇಲ್ಲೇ ನಿಮ್ಮ ಬಾಜು ಕುಂತಾರ ನೋಡ್ರಿ."

"ಮಗಳು?"

"ನಮ್ಮವ್ವ ಬಂದಾಳ್ರಿ, ಆಕಿ ಕಡೆ ಬಿಟ್ಟು ಬಂದೇನಿ."

ಹೊದಿಕೆಯ ಕೆಳಗೆ ಕೈ ಬಂತು. ಮುಂಗೈ ಬರಿದಾಗಿತ್ತು, ಬಳೆ ಇರಲಿಲ್ಲ. ಅಕ್ಕನದೇ ಎಂದುಕೊಂಡು ಸಮಾಧಾನವಾಯಿತು. ತೋರುಬೆರಳು ಹಿಡಿದೆ. ಕೈ ಥಟ್ಟನೆ ಬಿಡಿಸಿಕೊಂಡು ಹೋಗಿ ನೀರು ತಂದಿತು. ಪೂರ್ತಿ ಲೋಟ.

ಸ್ವಲ್ಪ ಹೊತ್ತು ಬಿಟ್ಟು, ಬಾಯಾರಿಕೆ ಇಲ್ಲದಿದ್ದರೂ ಮತ್ತೆ ಹಿಡಿದೆ. ಮತ್ತೆ ಪೂರ್ತಿ ಲೋಟ.

ನನ್ನ ಅಕ್ಕ ಜೀವಮಾನದಲ್ಲಿ ಮೊದಲ ಕೇಳಿಕೆಗೆ ಒಪ್ಪಿದವಳಲ್ಲ. ಗಂಟಲು ಕೂತರೆ ಮಾತು ನಿಲ್ಲುತ್ತದೆ, ಬೆರಳು ಮಡಿಸುವುದಕ್ಕೆ ಏನಾಗಿತ್ತು? ನಾನು ಆ ಮುಂಗೈಯನ್ನು ಮೆಲ್ಲಗೆ ಸವರಿದೆ. ಬಳೆ ಕೂತು ಕೂತು ನುಣುಪಾದ ಪಟ್ಟಿ, ಹೆಬ್ಬೆರಳಿನ ಬುಡದಲ್ಲಿ ಹಸಿ ಗೀರು, ಸೋಪಿನ ವಾಸನೆ. ಅದು ಶಾಂತಾಳ ಕೈ.

ಗಂಡ ಬದುಕಿರುವಾಗ ನಮ್ಮ ಹೆಣ್ಣುಮಕ್ಕಳು ಕೈಯನ್ನು ಬರಿದು ಮಾಡುವುದಿಲ್ಲ. ಹೊಸ ಬಳೆ ತೊಡುವಾಗಲೂ ಹಳೆಯದೊಂದನ್ನು ಉಳಿಸಿಕೊಂಡೇ ಉಳಿದದ್ದನ್ನು ತೆಗೆಯುತ್ತಾರೆ. ಗಂಡ ಆಸ್ಪತ್ರೆಯಲ್ಲಿ ಮಲಗಿದ್ದಾಗ ಶಾಂತಾ ಎರಡೂ ಕೈಯ ಬಳೆ ತೆಗೆದು ಕೂತಿದ್ದಾಳೆ ಎಂದರೆ, ಅದಕ್ಕಿಂತ ದೊಡ್ಡದೇನೋ ಆಗಿರಬೇಕು. ಅಕ್ಕ ಇದ್ದಿದ್ದರೆ ಇವಳು ಅಕ್ಕನಾಗುವ ಕಾರಣವೇ ಇರಲಿಲ್ಲ.

"ಅಜ್ಜಾ," ಎಂದೆ. "ನನ್ನ ಬಾಜು ಯಾರ ಕುಂತಾರ?"

ಅಜ್ಜ ಎಂದೂ ಉತ್ತರಕ್ಕೆ ತಡಮಾಡಿದವನಲ್ಲ. ಅಂದು ಒಮ್ಮೆ ಕೆಮ್ಮಿದ. "ಯಾರ ಅಂದ್ರ? ನಿಮ್ಮ ಅಕ್ಕನ, ಮತ್ಯಾರು." ಮಾರುವವನು ಎತ್ತಿನ ಕುಂಟು ಮುಚ್ಚಿಡುವಾಗ ಬರುವ ದನಿ ಅದು. ಎಷ್ಟು ಸಲ ಕೇಳಿಲ್ಲ ನಾನು.

ಅಳು ಗಂಟಲಿಗೆ ಬಂತು. ಅದು ಕಣ್ಣಿನಿಂದ ಬರುವುದಿಲ್ಲ, ಹೊಟ್ಟೆಯಿಂದ ಎದ್ದು ಬರುತ್ತದೆ, ಎದ್ದರೆ ಮೈಯೆಲ್ಲ ಅಲ್ಲಾಡುತ್ತದೆ ಎಂದು ಆಗ ಗೊತ್ತಾಯಿತು. ಉಳ್ಳಾಗಡ್ಡಿ ಪದರು ನೆನಪಾಯಿತು. ಅತ್ತರೆ ಕಣ್ಣು ಹೋಗುತ್ತದೆ. ಈ ಕಣ್ಣಿಗಾಗಿಯೇ ಅಕ್ಕ ಅಂಗಳದಿಂದ ಎದ್ದು ಚೀಲ ಹಿಡಿದು ಬಂದದ್ದು. ನಾನು ಹಲ್ಲು ಬಿಗಿಹಿಡಿದು, ಅಲ್ಲಿಯವರೆಗೆ ಕೈಮೇಲೆ ಹಾದುಹೋದ ಎತ್ತುಗಳನ್ನು ನೆನಪು ಮಾಡಿಕೊಳ್ಳತೊಡಗಿದೆ. ಬೀಡಿ ಊರಿನ ಸಂತೆಯಲ್ಲಿ ಕೊಡಿಸಿದ ಬಿಳಿ ಜೋಡಿ, ಎರಡು ಹಲ್ಲಿನವು. ನಂದಗಡದ ಗೌಡರ ಕಿಲಾರಿ, ನಾಲ್ಕು ಹಲ್ಲು. ಕೋಡು ಮುರಿದ ಮಾಸಬಣ್ಣದ್ದು, ಆರು ಹಲ್ಲು. ಹಲ್ಲೆಲ್ಲ ಬಂದು ಬಾಯಿ ಕೂಡಿದ ಮುದಿ ಎತ್ತು, ಕಾಲು ಸೋತದ್ದು. ವಯಸ್ಸು ತಿಳಿಯಲು ಸಂತೆಯಲ್ಲಿ ಮಾಡುವ ಹಾಗೆ ಒಂದೊಂದರ ಬಾಯಿ ಬಿಡಿಸಿ ಹಲ್ಲು ನೋಡಿದೆ. ಎತ್ತು ಮುಗಿದವು ಎಂದರೆ ಮೊದಲಿನಿಂದ ಶುರು. ಕಟ್ಟಿನೊಳಗೆ ತೇವವಾಗಲಿಲ್ಲ.

ನನಗೆ ಗೊತ್ತಾಗಿದೆ ಎಂದು ಶಾಂತಾಳಿಗೆ ತಿಳಿಸಲಿಲ್ಲ. ತಿಳಿಸಿದರೆ ಅವಳು ಅಳುತ್ತಾಳೆ, ಅವಳ ಅಳು ಕೇಳಿದರೆ ನಾನು ಉಳಿಯುವುದಿಲ್ಲ. ಹಾಗಾಗಿ ಅವಳು ಮಂಚದ ಆ ಬದಿಯಿಂದ ಹೆಂಡತಿಯಾಗಿ ಮಾತಾಡುತ್ತಿದ್ದಳು, ಈ ಬದಿಗೆ ಬಂದು ಸುಮ್ಮನೆ ಅಕ್ಕನಾಗಿ ಕೂಡುತ್ತಿದ್ದಳು. ನಾನು ಇಬ್ಬರ ಜೊತೆಗೂ ಸಂಸಾರ ನಡೆಸಿದೆ. ಮರುದಿನ ನೀರಿನ ಬೆರಳು ಹಿಡಿದಾಗ ಆ ಕೈ ನನ್ನ ಬೆರಳನ್ನು ಮಡಿಸಿತು. ಅಳುಕುತ್ತ, ಕಲಿತ ಪಾಠ ಒಪ್ಪಿಸುವವರ ಹಾಗೆ ಮಡಿಸಿತು. ಅಜ್ಜ ಹೇಳಿಕೊಟ್ಟಿರಬೇಕು. ನಾನು ಮತ್ತೆ ಹಿಡಿದೆ. ಮತ್ತೆ ಮಡಿಸಿತು. ಅರ್ಧ ಲೋಟಕ್ಕೆ ಇತ್ಯರ್ಥವಾಯಿತು. ಆ ಅರ್ಧ ಲೋಟವನ್ನು ಹನಿ ಬಿಡದೆ ಕುಡಿದೆ.

ಕಟ್ಟು ಬಿಚ್ಚುವ ದಿನ ಬಂತು. ಒಂದು ಮಾತು ನೆನಪಿಡಿ, ಆ ದಿನ ಕಿಟಕಿಯ ಪರದೆ ಎಳೆಯಲು ಹೇಳಿ, ಬೆಳಕು ಚಾಕುವಿನ ಹಾಗೆ ಬರುತ್ತದೆ. ಮೊದಲು ಕಂಡದ್ದು ಡಾಕ್ಟರ ಅಂಗೈ, ಈ ಸಲ ಅದರ ಗೆರೆಗಳೂ ಕಂಡವು. "ಹೊಲಿಗಿ ಗಟ್ಟಿ ಕುಂತಾವ," ಎಂದರು. "ಪರೀಕ್ಷಾದ ಉತ್ತರನೂ ಬಂತು. ಒಳ್ಳೇ ಗಂಟು, ಅಂಜೂ ಕಾರಣಿಲ್ಲ. ಇನ್ನ ಹೊಲಿಗಿ ಬಿಚ್ಚೂತನಕಾ ಮೊದಲಿನ ಪಥ್ಯಾನ. ನಾ ಏನೇನ ಬ್ಯಾಡ ಅಂದೇನಿ, ಅದು ಬ್ಯಾಡ." ಹೇಳುವಾಗ ಶಾಂತಾಳ ಕಡೆ ನೋಡಿದರು.

ಅವಳು ಬಾಗಿಲ ಹತ್ತಿರ ನಿಂತಿದ್ದಳು. ಬಳೆ ಮತ್ತೆ ಕೈಗೆ ಬಂದಿದ್ದವು. ಡಾಕ್ಟರು ಹೋದಮೇಲೆ ಹತ್ತಿರ ಬಂದಳು.

"ಅಕ್ಕ ಮುಂಜಾನೆ ಗಾಡಿಗೆ ಊರಿಗೆ ಹೋದ್ರು..." ಎಂದು ಶುರುಮಾಡಿದಳು.

"ಶಾಂತಾ, ಬಿಡು. ನನಗ ಗೊತ್ತೈತಿ."

ಅವಳು ಮಂಚದ ಕಾಲು ಹಿಡಿದು ನೆಲಕ್ಕೆ ಕೂತಳು. "ಯಾವಾಗಿಂದ?"

"ಮೊದಲ ಲೋಟಾ ನೀರ ಕೊಟ್ಟಾಗಿಂದ. ಹೆಂಗಾತು?"

"ಎಮ್ಮಿ ಹಿಂಡಾಕ ಕುಂತಿದ್ರು. ಎದಿ ಹಿಡಕೊಂಡ್ರು. ನಾ ಓಡಿ ಹೋಗೂದ್ರಾಗ ಮುಗದಿತ್ತು. ಚರಿಗಿ ತುಂಬ ಹಾಲಿತ್ರೀ, ಒಂದು ಹನಿ ಚೆಲ್ಲಿದ್ದಿಲ್ಲ." ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನ್ನೆದುರು ದನಿ ತೆಗೆದು ಅಳಬಾರದೆಂದು ಅವಳಿಗೂ ಪಥ್ಯ. "ಡಾಕ್ಟರು ಹೇಳಬ್ಯಾಡಂದ್ರು. ನೀವು ಬೆರಳು ಹಿಡದು ನೀರು ಕೇಳ್ತೀರಿ ಅಂತ ಅಕ್ಕಾ ಊರಿಗೆ ಬಂದಾಗ ಹೇಳಿದ್ರು. ನಳದ ಕೆಳಗ ಸೋಪ ಹಚ್ಚಿ ಬಳಿ ಜಾರಿಸಿದೆ. ಈ ಅಜ್ಜಾರು ನೋಡಿ ಬೈದ್ರು, ಗಂಡ ಇಲ್ಲೇ ಮಲಗ್ಯಾನ, ಇದೇನ ಮಾಡಾಕತ್ತೀ ಅಂತ."

"ಬೈದಿದ್ದೆ," ಎಂದ ಅಜ್ಜ ಗೋಡೆಯ ಕಡೆ ಮುಖ ಮಾಡಿ. "ಕಾರಣ ಕೇಳಿದ ಮ್ಯಾಲ ಬೆರಳು ಮಡಸೂದ ನಾನ ಕಲಿಸಿದೆ."

ಅಕ್ಕನ ಮಣ್ಣಿಗೆ ನಾನು ಇರಲಿಲ್ಲ. ಸ್ವಂತ ತಮ್ಮ ಬದುಕಿದ್ದೂ ನೆರೆಯವರು ಹೊತ್ತರು, ನೆರೆಯವರು ಮಣ್ಣು ಕೊಟ್ಟರು. ಹೊಲಿಗೆ ಬಿಚ್ಚುವುದಕ್ಕೆ ಇನ್ನೂ ದಿನಗಳಿದ್ದಾಗ ನನ್ನನ್ನು ಖಾನಾಪುರಕ್ಕೆ ಕಳಿಸಿದರು. ಮೊದಲು ಹೋದದ್ದು ಸಮಾಧಿಗೇ. ಮಣ್ಣು ಇನ್ನೂ ಕೂತಿರಲಿಲ್ಲ. ಎಡಗಣ್ಣಿನ ಮೇಲೆ ಬಟ್ಟೆ, ಬಲಗಣ್ಣು ಒಣಗಿದ್ದು, ಎತ್ತುಗಳ ಹಲ್ಲು ಎಣಿಸುತ್ತ ನಿಂತೆ. ಒಂದು ಮುಷ್ಟಿ ಮಣ್ಣು ಹಾಕಿ ತಿರುಗಿ ಬಂದೆ.

ಓಣಿಯವರು ಮಾತಾಡಿಸಲು ಬಂದರು. ಹೆಂಗಸರು ಅಕ್ಕನ ಗುಣ ನೆನೆದು ಹಾಡಿ ಅತ್ತರು. ನಾನು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದೆ. ಎದುರುಮನೆಯ ಮುದುಕಿ, ನನಗೆ ಕೇಳಲಿ ಎಂದೇ, ಪಕ್ಕದವಳಿಗೆ ಹೇಳಿದಳು.

"ನೋಡವ್ವಾ, ಹಡೀದಿದ್ರೂ ತಾಯಿ ಆಗಿದ್ಳು. ಒಂದ ಹನಿ ನೀರ ಬಂತೇನ ನೋಡು. ದಲಾಲಿ ಕಣ್ಣು, ಅದರಾಗ ಏನ ಬರ್ತೈತಿ."

ಶಾಂತಾ ಎದ್ದು ನಿಂತಳು, ಉತ್ತರ ಕೊಡುವವಳಿದ್ದಳು. ನಾನು ಕೈಸನ್ನೆ ಮಾಡಿ ಕೂಡಿಸಿದೆ. ಡಾಕ್ಟರ ಪಥ್ಯವನ್ನು ಇಡೀ ಓಣಿಗೆ ತಿಳಿಸಿ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಅಲ್ಲದೆ, ತಿಳಿಸಿ ಹೇಳಲು ಬಾಯಿ ತೆರೆದಿದ್ದರೆ ಹೊರಗೆ ಬರುತ್ತಿದ್ದದ್ದು ಮಾತಲ್ಲ.

ನನಗೆ ಸಲಹೆ ಕೊಡುವ ಚಟ. ಎಷ್ಟೋ ಜನ ಬಂದು ಕೇಳುತ್ತಾರೆ, ಇಂಥ ಹೊತ್ತಿನಲ್ಲಿ ರೋಗಿಗೆ ಸಾವಿನ ಸುದ್ದಿ ಹೇಳಬೇಕೋ ಮುಚ್ಚಿಡಬೇಕೋ ಎಂದು. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವ ನಾನು ಇದಕ್ಕೆ ಮಾತ್ರ ತಡವರಿಸುತ್ತೇನೆ. ಮುಚ್ಚಿಟ್ಟದ್ದರಿಂದ ಕಣ್ಣು ಉಳಿಯಿತು. ಮುಚ್ಚಿಟ್ಟವಳ ಮುಂಗೈ ನೆನೆದರೆ ಇಂದಿಗೂ ಊಟ ಸೇರುವುದಿಲ್ಲ. ಮುಚ್ಚಿಡುವುದೇ ಆದರೆ ಆ ಭಾರವನ್ನು ಒಬ್ಬರ ತಲೆಯ ಮೇಲೆ ಹಾಕಬೇಡಿ, ನಾಲ್ಕು ಜನ ಹೊರಲಿ. ಅಷ್ಟು ಹೇಳಬಲ್ಲೆ.

ಹೊಲಿಗೆ ಬಿಚ್ಚಿಸಲು ಶಾಂತಾಳ ಜೊತೆ ಮತ್ತೆ ಬೆಳಗಾವಿಗೆ ಹೋದೆ. ಅದೇ ಬೆಂಚು, ಅದೇ ಹಸಿರು ಬಟ್ಟೆಗಳು, ಬೇರೆ ಮುದುಕರು. ಡಾಕ್ಟರು ಹೊಲಿಗೆ ತೆಗೆದು, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಗಂಟು ಇದ್ದ ಜಾಗದಲ್ಲಿ ಸಣ್ಣ ಬಿಳಿ ಕಲೆ ಉಳಿಯುತ್ತದೆ, ದೃಷ್ಟಿ ನಿಧಾನಕ್ಕೆ ಇನ್ನಷ್ಟು ತಿಳಿಯಾಗುತ್ತದೆ, ಇನ್ನು ಎಲ್ಲ ಕೆಲಸ ಮಾಡಬಹುದು ಎಂದರು.

"ಏನರ ಕೇಳೂದದ ಏನ್ರಿ?"

ಕೇಳುವುದಿತ್ತು. "ಸಾಹೇಬ್ರ, ಇನ್ನ ಅಳಬಹುದೇನ್ರಿ?"

ಅವರು ಮೊದಲು ನಗುವುದಕ್ಕೆ ಹೋದರು. ಆಮೇಲೆ ಶಾಂತಾಳ ಮುಖ ನೋಡಿ, ಕೈಯಲ್ಲಿದ್ದ ದೀಪ ಆರಿಸಿ ಮೇಜಿನ ಮೇಲೆ ಇಟ್ಟರು.

"ಅಳ್ರಿ," ಎಂದರು. "ಕಣ್ಣು ತಿಕ್ಕಬ್ಯಾಡ್ರಿ, ಅಷ್ಟ."

ಬಾಗಿಲು ದಾಟಿ ನೇರ ಬೆಂಚಿನ ಹತ್ತಿರ ಬಂದೆ. ಬೆಂಚಿನಲ್ಲಿ ಜಾಗವಿರಲಿಲ್ಲ, ಯಾರೋ ಸರಿದು ಜಾಗ ಮಾಡಿದರು. ಕೈಗಳನ್ನು ಮೊಳಕಾಲಿನ ಮೇಲೆ ಒತ್ತಿಕೊಂಡು, ಕಣ್ಣು ಮುಟ್ಟದೆ, ಅಷ್ಟು ಜನರ ನಡುವೆ ದನಿ ತೆಗೆದು ಅತ್ತೆ. ಎರಡೂ ಕಣ್ಣಿನಿಂದ ನೀರು ಗಲ್ಲಕ್ಕೆ, ಗಲ್ಲದಿಂದ ಅಂಗಿಗೆ ಇಳಿಯಿತು. ಶಾಂತಾ ಒರೆಸಲಿಲ್ಲ, ಹರಿಯಲು ಬಿಟ್ಟಳು. ಅವಳೂ ಪಕ್ಕದಲ್ಲಿ ನಿಂತು ಅಳುತ್ತಿದ್ದಳು.

ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಅವಳ ಸೆರಗು ಜಗ್ಗಿ ಕೇಳಿದಳು. "ಯಾಕವ್ವಾ, ಡಾಕ್ಟರು ಏನಂದ್ರು? ಕಣ್ಣ ಹೋತೇನ ಪಾಪ?"

"ಇಲ್ಲವಾ," ಎಂದಳು ಶಾಂತಾ. "ಕಣ್ಣ ಉಳೀತು."